ಲಿಫ್ಟ್ ಚಿಕ್ಕಪ್ಪ ಬಾಹ್ಯಾಕಾಶಕ್ಕೆ ಹೊರಟಿದ್ದು

ಊರಿನಲ್ಲಿದ್ದ ಲಿಫ್ಟುಗಳು ಒಟ್ಟು ಅರವತ್ತೆರಡು. ಅವುಗಳಲ್ಲಿ ಅರವತ್ತೊಂದಕ್ಕೆ ಎಣ್ಣೆ ಹಾಕುವವನು, ಹಗ್ಗ ಬಿಗಿಯುವವನು, ನಡುವೆ ನಿಂತರೆ ಜನರ ಬೈಗುಳ ತಿನ್ನುವವನು ಒಬ್ಬನೇ. ಉಳಿದ ಒಂದು ಬೇರೆ ಕಂಪನಿಯದು. ಅದು ಕೈಕೊಟ್ಟಾಗಲೂ ಜನ ಗುಟ್ಟಾಗಿ ಇವನನ್ನೇ ಕರೆಸುತ್ತಿದ್ದರು. ಏಳು ಜನ ಅಣ್ಣತಮ್ಮಂದಿರಲ್ಲಿ ಇವನು ಕಡೆಯವನು. ಆರು ಜನ ಅಣ್ಣಂದಿರಿಗೆ ಸೇರಿ ಹತ್ತೊಂಬತ್ತು ಮಕ್ಕಳು. ಆ ಹತ್ತೊಂಬತ್ತು ಬಾಯಿಗಳು ಬೆಳಗಿನಿಂದ ಸಂಜೆಯವರೆಗೆ ಚಿಕ್ಕಪ್ಪ, ಚಿಕ್ಕಪ್ಪ ಎಂದು ಕರೆದು ಕರೆದು ಆ ಹೆಸರು ಮನೆಯಿಂದ ಬೀದಿಗೆ, ಬೀದಿಯಿಂದ ಊರಿಗೆ ಹಬ್ಬಿತು. ಕೊನೆಗೆ ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಬ್ಯಾಂಕಿನ ಮ್ಯಾನೇಜರರೂ ಎಳ್ಳಷ್ಟೂ ಸಂಕೋಚವಿಲ್ಲದೆ ಅವನನ್ನು ಲಿಫ್ಟ್ ಚಿಕ್ಕಪ್ಪ ಎನ್ನತೊಡಗಿದರು. ಅವನನ್ನು ಕಟ್ಟಿಕೊಂಡ ತಪ್ಪಿಗೆ ಅವನ ಹೆಂಡತಿ ಇಪ್ಪತ್ತಾರನೇ ವಯಸ್ಸಿಗೇ ಊರಿಗೆಲ್ಲ ಚಿಕ್ಕಮ್ಮನಾದಳು.

ಊರೆಲ್ಲ ಚಿಕ್ಕಪ್ಪ ಎನ್ನುವವನನ್ನು ಅಪ್ಪ ಎನ್ನುವವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷ, ಅದರ ಚಿಂತೆ ಹತ್ತಿಕೊಂಡು ಏಳು ವರ್ಷ.

ಚಿಕ್ಕಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಕೂದಲೆಳೆಯಷ್ಟು ಓರೆಯಿದ್ದರೂ ಅವಳ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಏಳು ವರ್ಷದಲ್ಲಿ ಅವಳು ಮಾಡಿಸಿಕೊಳ್ಳದ ಪರೀಕ್ಷೆಯಿಲ್ಲ, ನುಂಗದ ಮಾತ್ರೆಯಿಲ್ಲ. ಎರಡೂ ತೋಳುಗಳಲ್ಲಿ ಸೂಜಿಗೆ ಜಾಗ ಹುಡುಕಬೇಕಾದ ಸ್ಥಿತಿ ಬಂದಿತ್ತು. ಪ್ರತಿ ಸಲವೂ ಅವಳ ಡಾಕ್ಟರಮ್ಮ ಕಾಗದದ ಮೇಲೆ ಎಲ್ಲ ಸರಿಯಾಗಿದೆ ಎಂದು ಬರೆದು, ಯಜಮಾನರನ್ನು ಒಂದೇ ಒಂದು ಸಲ ಕಳಿಸಿಕೊಡಿ ಎನ್ನುತ್ತಿದ್ದಳು. ಮನೆಗೆ ಬಂದು ಇವಳು ಹೇಳಿದರೆ ಚಿಕ್ಕಪ್ಪನಿಗೆ ಆಗಲೇ ಯಾವುದೋ ಲಿಫ್ಟು ಕೆಟ್ಟಿರುವುದು ನೆನಪಾಗುತ್ತಿತ್ತು. ಹೆಚ್ಚು ಒತ್ತಾಯಿಸಿದರೆ ಹತ್ತೊಂಬತ್ತರ ಲೆಕ್ಕ ಒಪ್ಪಿಸುತ್ತಿದ್ದ. ಅಣ್ಣಂದಿರ ಮನೆಯಲ್ಲಿ ಒಬ್ಬೊಬ್ಬರಿಗೂ ಮೂರು, ನಾಲ್ಕು. ಅಂಥ ವಂಶದವನಿಗೆ ಯಾತರ ಪರೀಕ್ಷೆ ಎಂಬುದು ಅವನ ವಾದ.

ವಾದ ಹೊರಗಿನದು. ಒಳಗಿದ್ದದ್ದು ಭಯ. ಹತ್ತು ಮಹಡಿ ಆಳದ ಲಿಫ್ಟಿನ ಗುಂಡಿಯ ಅಂಚಿನಲ್ಲಿ ನಿಂತು ಬೀಡಿ ಹಚ್ಚುವ ಗಂಡಸಿಗೆ ಮಾದರಿ ತುಂಬಿಕೊಡುವ ಒಂದು ಸಣ್ಣ ಡಬ್ಬಿಯ ಭಯ. ಆ ಭಯಕ್ಕೆ ಜೊತೆಯಾಗಿ ರೇಡಿಯೋ ಬೇರೆ ಇದ್ದ.

ರೇಡಿಯೋ ಎಂದರೆ ಪೇಟೆ ನಡುವಿನ ಐದು ಮಹಡಿ ಕಟ್ಟಡದ ಲಿಫ್ಟಿನಲ್ಲಿ ಮುಕ್ಕಾಲಿಯ ಮೇಲೆ ಕೂತು ಗುಂಡಿ ಒತ್ತುವ ಮುದುಕ. ಒಂದನೇ ಮಹಡಿಯಲ್ಲಿ ಕಿವಿಗೆ ಬಿದ್ದದ್ದನ್ನು ಐದನೆಯದಕ್ಕೆ ತಲುಪುವುದರೊಳಗೆ ನಾಲ್ಕು ಜನಕ್ಕೆ ಬಿತ್ತರಿಸುತ್ತಿದ್ದುದರಿಂದ ಆ ಹೆಸರು. ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಕ್ಲಿನಿಕ್ ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಊರಿನ ಉಳಿದ ಆಸ್ಪತ್ರೆಗಳಿಗೆ ಹೋಗೋಣವೆಂದರೆ ಅಲ್ಲೂ ಇವನದೇ ಲಿಫ್ಟು, ಅಲ್ಲೂ ಬಾಗಿಲಲ್ಲಿ ಪರಿಚಯದವರು. ಬೇರೆಯವರಾದರೆ ತಲೆಮರೆಸಿಕೊಂಡು ಹೋಗಿ ಬರಬಹುದು. ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವವನು ಯಾವ ಲಿಫ್ಟಿನಲ್ಲಿ ತಲೆಮರೆಸಿಕೊಳ್ಳಬೇಕು?

ಆ ವರ್ಷದ ಮೊದಲ ಭಾನುವಾರ ಚಿಕ್ಕಮ್ಮ ತನ್ನ ವರದಿಗಳ ದಪ್ಪ ಫೈಲನ್ನು ತಂದು ಅವನ ತೊಡೆಯ ಮೇಲಿಟ್ಟಳು. ಅವಳ ದನಿ ಏರಲಿಲ್ಲ, ಕಣ್ಣು ತುಂಬಲಿಲ್ಲ. ಅದನ್ನು ನೋಡಿಯೇ ಚಿಕ್ಕಪ್ಪನಿಗೆ ಇದು ದಿನದ ಮಾತಲ್ಲ ಎಂದು ಗೊತ್ತಾಯಿತು.

"ಇನ್ನು ಒಂದು ಸೂಜೀನೂ ಚುಚ್ಚಿಸ್ಕೊಳ್ಳಲ್ಲ ನಾನು" ಎಂದಳು. "ನೀವು ಒಂದು ಸಲ ಹೋಗಿ ಬನ್ನಿ. ಏನೇ ಬರ್ಲಿ, ನನಗೆ ಬಂದು ಹೇಳಿ. ಈ ವರ್ಷ ಮುಗಿಯೋದರೊಳಗೆ ಅದಾಗ್ಲಿಲ್ಲಾಂದ್ರೆ ನಮ್ಮಣ್ಣನ ಮನೆಗೆ ಹೋಗಿಬಿಡ್ತೀನಿ. ಜಗಳ ಆಡಿ ಅಲ್ಲ, ಸುಮ್ನೆ ಹೋಗ್ತೀನಿ."

ಮಗು ಆಗದಿದ್ದರೆ ಹೋಗುತ್ತೇನೆ ಎಂದು ಅವಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಚಿಕ್ಕಪ್ಪ ಗಮನಿಸಲಿಲ್ಲ. ಆಗಲಿ, ನೋಡೋಣ ಎಂದು ಹೇಳಿ ಹತ್ತು ತಿಂಗಳು ನೋಡುತ್ತಲೇ ಕಳೆದ.

ಅವನಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಮೊದಲ ದಿನವೇ ಒಂದು ಮಾತು ತಲೆಗೆ ತುಂಬಿದ್ದರು. ಮೂರನೇ ಮಹಡಿಯಲ್ಲಿ ಲಿಫ್ಟು ನಿಲ್ಲುವುದಿಲ್ಲ ಎಂದು ದೂರು ಬಂದರೆ ಮೂರನೇ ಮಹಡಿಗೆ ಓಡಬೇಡ, ಮೊದಲು ಮೇಲಿನ ಯಂತ್ರದ ಕೋಣೆಗೆ ಹತ್ತು ಎಂಬುದು ಆ ಮಾತು. ಜನ ತಮ್ಮ ಕಣ್ಣಿಗೆ ಕಾಣುವ ಬಾಗಿಲನ್ನೇ ಒದೆಯುತ್ತಾರೆ, ದೋಷ ಇರುವುದು ಯಾರಿಗೂ ಕಾಣದ ಮೇಲಿನ ಯಂತ್ರದಲ್ಲಿ. ಇಪ್ಪತ್ತು ವರ್ಷ ಈ ಮಾತನ್ನು ಎಲ್ಲ ಕಟ್ಟಡಗಳಲ್ಲೂ ಚಾಚೂ ತಪ್ಪದೆ ಪಾಲಿಸಿದವನು ತನ್ನ ಮನೆಯಲ್ಲಿ ಮಾತ್ರ ಏಳು ವರ್ಷ ಅದೇ ಒಂದು ಬಾಗಿಲನ್ನು ಬಿಚ್ಚಿ ಜೋಡಿಸುವುದನ್ನು ನೋಡುತ್ತ ಕೂತಿದ್ದ.

ವರ್ಷ ಮುಗಿಯಲು ಎರಡು ತಿಂಗಳಿರುವಾಗ ಅವನಿಗೆ ಬಾಹ್ಯಾಕಾಶದ ಕರೆ ಬಂತು.

ಊರ ಹೊರಗೆ ಬಾಹ್ಯಾಕಾಶ ಯಾತ್ರಿಗಳ ಆರೋಗ್ಯವನ್ನು ಅಧ್ಯಯನ ಮಾಡುವ ಸಂಸ್ಥೆಯೊಂದಿತ್ತು. ಮೂರು ಮಹಡಿ, ಒಂದು ಲಿಫ್ಟು. ತಿಂಗಳ ತಪಾಸಣೆಗೆ ಹೋದ ಚಿಕ್ಕಪ್ಪ ಲಿಫ್ಟಿನ ಪಕ್ಕದ ಗೋಡೆಯಲ್ಲಿ ಒಂದು ಪ್ರಕಟಣೆ ನೋಡಿದ. ಇಪ್ಪತ್ತೈದರಿಂದ ನಲವತ್ತು ವರ್ಷದ ಆರೋಗ್ಯವಂತ ಗಂಡಸರು ಬೇಕಾಗಿದ್ದಾರೆ. ಅರವತ್ತು ದಿನ ಹಾಸಿಗೆಯ ಮೇಲೆ ಮಲಗಿರಬೇಕು. ಊಟ, ಸ್ನಾನ, ಓದು ಎಲ್ಲ ಮಲಗಿಕೊಂಡೇ. ತಲೆ ಕಾಲಿಗಿಂತ ಆರು ಡಿಗ್ರಿ ಕೆಳಗಿರಬೇಕು. ಎರಡು ಸಲ ಓದಿದ. ಮಲಗುವುದೂ ಒಂದು ಉದ್ಯೋಗವೇ ಎಂದು ನಗು ಬಂತು. ಆದರೆ ಕೆಳಗೆ ಸಣ್ಣಕ್ಷರದಲ್ಲಿದ್ದ ಪರೀಕ್ಷೆಗಳ ಪಟ್ಟಿಯಲ್ಲಿ ಕಣ್ಣು, ಮೂಳೆ, ಹೃದಯ ಎಲ್ಲ ದಾಟಿ ಇಪ್ಪತ್ತಮೂರನೇ ಸಾಲಿಗೆ ಬಂದಾಗ ನಗು ನಿಂತಿತು. ಅಲ್ಲಿ ವೀರ್ಯ ಪರೀಕ್ಷೆ, ಪ್ರಯೋಗದ ಮೊದಲು ಮತ್ತು ನಂತರ ಎಂದಿತ್ತು.

ಅವನ ತಲೆಯಲ್ಲಿ ದೀಪ ಹೊತ್ತಿದ್ದು ಆಗ. ಇಲ್ಲಿ ಪರೀಕ್ಷೆ ಮಾಡಿಸಿಕೊಂಡರೆ ಯಾರೂ ಯಾಕೆ ಎಂದು ಕೇಳುವಂತಿಲ್ಲ. ಕೇಳಿದರೂ ಎದೆಯುಬ್ಬಿಸಿ ಹೇಳಬಹುದು, ಬಾಹ್ಯಾಕಾಶಕ್ಕಾಗಿ! ಫಲಿತಾಂಶ ಚೆನ್ನಾಗಿ ಬಂದರೆ ಹೆಂಡತಿಯ ಮುಂದೆ ಕಾಗದ ಹಿಡಿಯುವುದು. ಚೆನ್ನಾಗಿ ಬರದಿದ್ದರೆ... ಆ ಯೋಚನೆಯ ಬಾಗಿಲನ್ನು ಅವನು ಅಲ್ಲೇ ಮುಚ್ಚಿದ.

ಅರ್ಜಿಗೆ ಮನೆಯವರ ಒಪ್ಪಿಗೆಯ ಸಹಿ ಬೇಕಿತ್ತು. ಆರು ಪುಟಗಳ ಆ ಕಾಗದವನ್ನು ಚಿಕ್ಕಪ್ಪ ಚಿಕ್ಕಮ್ಮನ ಮುಂದೆ ಹಿಡಿದು, ದೇಶಸೇವೆ, ವಿಜ್ಞಾನ, ಮನುಷ್ಯಕುಲ ಎಂದೆಲ್ಲ ಉದ್ದುದ್ದ ಪೀಠಿಕೆ ಹಾಕಿ, ಪರೀಕ್ಷೆಗಳ ಪಟ್ಟಿಯ ಮೇಲೆ ಅಂಗೈ ಅಗಲಿಸಿಟ್ಟು, ಕೆಳಗೆ ಸಹಿ ಹಾಕುವ ಜಾಗ ತೋರಿಸಿದ. ಚಿಕ್ಕಮ್ಮ ಅಂಗಡಿಯಿಂದ ತಂದಿದ್ದ ಗಾಜನ್ನು ಒರೆಸುತ್ತ ಅವನ ಮುಖ ನೋಡಿದಳು, ಕಾಗದ ನೋಡಿದಳು, ಕುಡಿಯಲು ನೀರು ಕೊಡಿ ಎಂದಳು. ಅವನು ನೀರು ತಂದುಕೊಟ್ಟ. ಅವಳು ಸಹಿ ಹಾಕಿದಳು. ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ಚಿಕ್ಕಪ್ಪ ಬೀಗಿದ.

ಇನ್ನು ಅಭ್ಯಾಸ ಶುರುವಾಯಿತು. ಆಯ್ಕೆಯಾಗುವ ಮೊದಲೇ ಆರು ಡಿಗ್ರಿ ರೂಢಿಯಾಗಲಿ ಎಂದು ಅವನು ಮಂಚದ ಕಾಲ ಕಡೆಗೆ ಮೂರು ಮೂರು ಇಟ್ಟಿಗೆ ಕೊಡಲು ಹೊರಟ. ಮಂಚ ಎತ್ತಿದಾಗ ಅಡಿಯಲ್ಲಿ ನೀಲಿ ಸೂಟ್‌ಕೇಸ್ ಕಾಣಿಸಿತು. ಯಾವಾಗಲೂ ಬೀರುವಿನ ತಲೆಯ ಮೇಲೆ ಖಾಲಿ ಬಿದ್ದಿರುತ್ತಿದ್ದ ಸೂಟ್‌ಕೇಸ್ ಅದು. ಪಕ್ಕಕ್ಕೆ ಸರಿಸಲು ಎಳೆದ, ಭಾರವಾಗಿತ್ತು. ಚಿಕ್ಕಪ್ಪ ಅದನ್ನು ತೆರೆದು ನೋಡಲಿಲ್ಲ. ಇದ್ದಲ್ಲಿಗೇ ತಳ್ಳಿ, ಇಟ್ಟಿಗೆ ಜೋಡಿಸಿ, ರಸಮಟ್ಟ ಹಿಡಿದು ಇಳಿಜಾರು ನೋಡಿದ. ಡಿಗ್ರಿ ಸರಿಯಾಗಿತ್ತು, ಆದರೂ ಇನ್ನೆರಡು ಸಲ ಹಿಡಿದು ನೋಡಿದ.

ಅವನ ಜೊತೆ ಅವಳೂ ಅದೇ ಮಂಚದಲ್ಲಿ ಮಲಗಬೇಕಲ್ಲ. ಮೊದಲ ಬೆಳಗ್ಗೆ ಎದ್ದಾಗ ಇಬ್ಬರೂ ದಿಂಬಿನ ಸಮೇತ ಜಾರಿ, ತಲೆಗಳು ಮಂಚದ ಹಲಗೆಗೆ ತಾಗಿ ಕೂತಿದ್ದವು. ಮುಖ ಇಬ್ಬರದೂ ಊದಿಕೊಂಡಿತ್ತು. ಚಿಕ್ಕಮ್ಮ ಕನ್ನಡಿ ನೋಡಿಕೊಂಡು, ಬಾಹ್ಯಾಕಾಶಕ್ಕೆ ಹೋಗುವವರು ನೀವು, ಮುಖ ಊದಿಸಿಕೊಳ್ಳುವವಳು ನಾನು ಎಂದು ಗೊಣಗಿ ಕೆಲಸಕ್ಕೆ ಹೋದಳು. ಇಟ್ಟಿಗೆ ಹೊತ್ತು ತಂದದ್ದನ್ನು ನೋಡಿದ್ದ ಕೆಳಮನೆಯಾಕೆ ಮಂಚಕ್ಕೆ ಇಟ್ಟಿಗೆ ಕೊಟ್ಟ ಸುದ್ದಿ ಕೇಳಿ, ಹಾಗಾದರೂ ಒಳ್ಳೆಯದಾಗಲಿ ಎಂದು ಅರ್ಥಗರ್ಭಿತವಾಗಿ ಹಾರೈಸಿದಳು.

ಸಂಸ್ಥೆಯಲ್ಲಿ ಅವನನ್ನು ನೋಡಿದ ಡಾಕ್ಟರ್ ಮಧ್ಯವಯಸ್ಸಿನ ಹೆಂಗಸು. ಯಾವ ಪ್ರಶ್ನೆಯನ್ನಾದರೂ ತರಕಾರಿಯ ಬೆಲೆ ಕೇಳುವಷ್ಟು ಸಲೀಸಾಗಿ ಕೇಳುತ್ತಿದ್ದಳು. ಮೇಲೆ ತೂಕವಿಲ್ಲದ ಕಡೆ ರಕ್ತ ಕಾಲಿನಿಂದ ತಲೆಯ ಕಡೆಗೆ ಏರುತ್ತದೆ, ಮೂಳೆ ಸವೆಯುತ್ತದೆ, ಸ್ನಾಯು ಸೊರಗುತ್ತದೆ. ಅಷ್ಟು ಗೊತ್ತಾಗಿದೆ ಎಂದು ವಿವರಿಸಿದಳು. ಗಂಡಸಿನ ಬೀಜಕ್ಕೆ, ಹೆಂಗಸಿನ ಅಂಡಕ್ಕೆ, ಮುಂದೆ ಹುಟ್ಟುವ ಮಗುವಿಗೆ ಏನಾಗುತ್ತದೆ ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಇಲ್ಲಿ ಭೂಮಿ ನಮಗೆ ತಾಗದಂತೆ ತಡೆಯುವ ವಿಕಿರಣ ಅಲ್ಲಿ ನೇರವಾಗಿ ಮೈಗೆ ಬಡಿಯುತ್ತದೆ. ಇಲಿಯ ವೀರ್ಯವನ್ನು ಒಣಗಿಸಿ ವರ್ಷಗಟ್ಟಲೆ ಮೇಲಿಟ್ಟು ತಂದಾಗ ಮರಿಗಳು ಚೆನ್ನಾಗಿಯೇ ಹುಟ್ಟಿವೆ. ಹೋಗಿ ಬಂದ ಮನುಷ್ಯರಿಗೂ ಆಮೇಲೆ ಮಕ್ಕಳಾಗಿವೆ. ಆದರೆ ವರ್ಷಗಟ್ಟಲೆ ದೂರ ಹೋಗುವವರ ಗತಿಯೇನು ಎಂದು ಯಾರೂ ಎದೆ ತಟ್ಟಿ ಹೇಳಲಾರರು.

ತೂಕವೇ ಇಲ್ಲದಿದ್ದರೆ ಆ ಬೀಜಕ್ಕೆ ದಾರಿ ಹೇಗೆ ಗೊತ್ತಾಗುತ್ತದೆ ಎಂದು ಚಿಕ್ಕಪ್ಪ ಕೇಳಿದ. ಲಿಫ್ಟಿನವನಿಗೆ ಮೇಲೆ ಕೆಳಗಿನದೇ ಚಿಂತೆ. ಒಳ್ಳೆಯ ಪ್ರಶ್ನೆ, ದಾರಿ ತಪ್ಪಬಹುದು ಎಂದು ಇಲ್ಲಿ ನೆಲದ ಮೇಲೆ ಮಾಡಿದ ಕೆಲವು ಪ್ರಯೋಗಗಳು ಹೇಳುತ್ತಿವೆ, ಖಚಿತವಾಗಿಲ್ಲ ಎಂದಳು ಡಾಕ್ಟರ್. ಮೇಲೆ ಹೋಗಿ ಬಂದ ಗಂಡಸರನ್ನೇ ಕೇಳಬಹುದಲ್ಲ ಎಂದ. ಅವಳು ಪೆನ್ನು ಕೆಳಗಿಟ್ಟಳು.

"ಕೇಳೋರಿಗೆ ಸಂಕೋಚ, ಹೇಳೋರಿಗೂ ಸಂಕೋಚ" ಎಂದಳು. "ಅಷ್ಟು ಎತ್ತರ ಹೋದ್ರೂ ಕೆಲವು ವಿಷಯ ನೆಲದ ಮೇಲೇ ಉಳಿದುಬಿಡುತ್ತೆ ನೋಡಿ. ಅದಕ್ಕೇ ನಿಮ್ಮಂಥವರು ಬಂದಾಗ ನಮಗೆ ಖುಷಿ."

ಚಿಕ್ಕಪ್ಪನಿಗೆ ತಾನು ಬಹಳ ಧೈರ್ಯವಂತ ಎನಿಸಿತು. ಆ ಧೈರ್ಯ ಡಬ್ಬಿ ಕೈಗೆ ಬರುವವರೆಗೆ ಇತ್ತು.

ಮಾದರಿ ಕೊಡುವ ಕೋಣೆ ಎರಡನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಗೋಡೆಗೆ ಅಂಟಿಕೊಂಡಿತ್ತು. ಒಂದು ಕುರ್ಚಿ, ಒಂದು ಕೈ ತೊಳೆಯುವ ಬೋಗುಣಿ, ಒಳಗಿನಿಂದ ಚಿಲಕ. ಚಿಕ್ಕಪ್ಪ ಮನಸ್ಸನ್ನು ಹೆಂಡತಿಯ ಕಡೆ ತಿರುಗಿಸಿದ. ಅಷ್ಟರಲ್ಲಿ ಗೋಡೆಯಾಚೆ ಲಿಫ್ಟು ಕಿರ್ ಎಂದಿತು. ಇದೇನಿದು, ಎಡಗಡೆ ಹಳಿಗೆ ಎಣ್ಣೆ ಆರಿದೆಯಲ್ಲ ಎನಿಸಿತು. ಮನಸ್ಸನ್ನು ಎಳೆದು ತಂದ. ಲಿಫ್ಟು ಕೆಳಗಿಳಿಯುತ್ತ ಮತ್ತೆ ಕಿರ್ ಎಂದಿತು. ಅವನು ಹಲ್ಲು ಕಚ್ಚಿದ. ಮೂರನೇ ಸಲಕ್ಕೆ ತಾಳಲಾರದೆ ಚಿಲಕ ತೆಗೆದು, ಚೀಲದಿಂದ ಎಣ್ಣೆ ಡಬ್ಬಿ ತೆಗೆದುಕೊಂಡು ಹೋಗಿ ಹಳಿಗೆ ಎಣ್ಣೆ ಬಿಟ್ಟು, ಎರಡು ಸಲ ಮೇಲೆ ಕೆಳಗೆ ಓಡಿಸಿ ನೋಡಿ, ಕೈ ತಿಕ್ಕಿ ತೊಳೆದುಕೊಂಡು ಬಂದು ಮತ್ತೆ ಕೂತ. ಹೊರಗೆ ಕಾಯುತ್ತಿದ್ದ ನರ್ಸಮ್ಮ ತನ್ನ ಹತ್ತು ವರ್ಷದ ಅನುಭವದಲ್ಲಿ ಹೀಗೆ ನಡುವೆ ಎದ್ದು ಹೋಗಿ ದುರಸ್ತಿ ಮಾಡಿ ಬಂದವರನ್ನು ಕಂಡಿರಲಿಲ್ಲವಂತೆ.

ಆ ಶನಿವಾರ ಡಾಕ್ಟರ್ ಅವನನ್ನು ಕರೆಸಿದಳು. ಬಾಗಿಲು ಮುಚ್ಚಿದಳು. ಮೂಳೆ ಗಟ್ಟಿ, ಹೃದಯ ಗಟ್ಟಿ, ಕಣ್ಣು ಹದ್ದಿನದು ಎಂದು ಮೊದಲು ಹೊಗಳಿದಳು. ಹೊಗಳಿಕೆ ಉದ್ದವಾದಷ್ಟೂ ಚಿಕ್ಕಪ್ಪ ಬಾಗಿಲ ಕಡೆ ನೋಡತೊಡಗಿದ.

ವೀರ್ಯಾಣುಗಳ ಸಂಖ್ಯೆ ಬಹಳ ಕಡಿಮೆ ಇದೆ, ಇರುವವುಗಳ ಓಡಾಟವೂ ಮಂದ ಎಂದು ಅವಳು ಹೇಳಿದಳು. ಈ ಪ್ರಯೋಗಕ್ಕೆ ಅವನನ್ನು ತೆಗೆದುಕೊಳ್ಳಲಾಗುವುದಿಲ್ಲ. ಅರವತ್ತು ದಿನದಲ್ಲಿ ಎಷ್ಟು ಇಳಿಯುತ್ತದೆ ಎಂದು ಅಳೆಯಬೇಕು, ಅದಕ್ಕೆ ಮೊದಲು ಮೇಲಿರಬೇಕು. ಚಿಕ್ಕಪ್ಪನಿಗೆ ಅದು ತಟ್ಟನೆ ಅರ್ಥವಾಯಿತು. ನೆಲಮಾಳಿಗೆಯಲ್ಲಿ ನಿಂತಿರುವ ಲಿಫ್ಟನ್ನು ಇಳಿಸಿ ನೋಡುವುದು ಹೇಗೆ? ವೃಷಣದ ಪಕ್ಕದ ಒಂದು ರಕ್ತನಾಳ ಊದಿಕೊಂಡು ಅಲ್ಲಿ ಬಿಸಿ ಹೆಚ್ಚಾಗಿರುವಂತೆ ಕಾಣುತ್ತದೆ, ಎಷ್ಟೋ ಗಂಡಸರಿಗೆ ಇರುವ ತೊಂದರೆ, ಸಣ್ಣ ಆಪರೇಷನ್ನಿನಿಂದ ಸುಧಾರಿಸುವುದುಂಟು, ಮಾತು ಕೊಡಲಾರೆ, ಇನ್ನೊಂದು ಸಲ ಪರೀಕ್ಷೆ ಆಗಲೇಬೇಕು ಎಂದು ಹೇಳಿ ಡಾಕ್ಟರ್ ಒಂದು ಚೀಟಿ ಬರೆದುಕೊಟ್ಟಳು. ಚೀಟಿಯ ಮೇಲಿದ್ದದ್ದು ರೇಡಿಯೋ ಕೂರುವ ಕಟ್ಟಡದ ನಾಲ್ಕನೇ ಮಹಡಿಯ ವಿಳಾಸ.

ಅಲ್ಲಿಂದ ಹೊರಟವನು ಲಿಫ್ಟು ಹತ್ತಲಿಲ್ಲ. ಮೆಟ್ಟಿಲಿಳಿದು ಹೋದ.

ಮನೆಯಲ್ಲಿ ಚಿಕ್ಕಮ್ಮ ಏನಾಯಿತು ಎಂದು ಕೇಳಿದಳು. ಇನ್ನೂ ತಿಳಿಸಿಲ್ಲ ಎಂದ. ನಾಲ್ಕು ದಿನ ಅದೇ ಉತ್ತರ. ಬಾಹ್ಯಾಕಾಶದವರು ಕೈಬಿಟ್ಟದ್ದು ಗೊತ್ತಾಗಬಾರದೆಂದು ಆ ನಾಲ್ಕು ದಿನವೂ ಆರು ಡಿಗ್ರಿ ಇಳಿಜಾರಿನಲ್ಲೇ ಮಲಗಿದ. ಪಕ್ಕದಲ್ಲಿ ಅವಳೂ ಮಲಗಿದಳು. ಅವಳು ಪ್ರತಿದಿನ ಕೆಲಸದಿಂದ ಬಂದ ಕೂಡಲೇ ಅವನ ಮುಖ ನೋಡುತ್ತಿದ್ದಳು, ಗಾಜನ್ನು ಬೆಳಕಿಗೆ ಹಿಡಿದು ನೋಡುವಂತೆ. ಅವನು ಹಲ್ಲು ಗಿಂಜಿ ಬೇರೆ ಮಾತು ತೆಗೆಯುತ್ತಿದ್ದ. ನನ್ನನ್ನು ಕೇಳಿದರೆ, ಅವನ ಬದುಕಿನಲ್ಲೇ ಅತಿ ಹೇಡಿಯಾದ ನಾಲ್ಕು ದಿನಗಳು ಅವು. ಅದು ಅವನಿಗೂ ಗೊತ್ತಿತ್ತು.

ಐದನೇ ದಿನ ಬೆಳಗ್ಗೆ ಒಂದು ವಸತಿ ಕಟ್ಟಡದಿಂದ ಕರೆ ಬಂತು. ಆರನೇ ಮಹಡಿಯ ಅಜ್ಜಿಯೊಬ್ಬಳು ಬಾಗಿಲು ಸರಿಯಾಗಿ ಮುಚ್ಚದೆ ಲಿಫ್ಟು ಕೆಡಿಸುತ್ತಾಳೆ ಎಂದು ಕಟ್ಟಡದವರೆಲ್ಲ ಸೇರಿ ದೂರಿದ್ದರು. ಚಿಕ್ಕಪ್ಪ ಅಭ್ಯಾಸದಂತೆ ಮೊದಲು ಮೇಲಿನ ಯಂತ್ರದ ಕೋಣೆಗೆ ಹತ್ತಿದ. ಅಲ್ಲೊಂದು ತಂತಿಯ ತುದಿ ಸುಟ್ಟು ಕರಕಾಗಿ ಕೂತಿತ್ತು. ಹತ್ತು ನಿಮಿಷದ ಕೆಲಸ. ಕೆಳಗೆ ಬಂದು ತಪ್ಪು ನಿಮ್ಮದಲ್ಲ ಎಂದು ಅಜ್ಜಿಗೆ ಹೇಳಿದ. ಅಜ್ಜಿ ಬಾಗಿಲಿಗೆ ಒರಗಿ ನಿಂತಳು.

"ಎರಡು ವರ್ಷದಿಂದ ಇವರ ಮಾತಿಗೆ ಹೆದರಿ ಎಷ್ಟೋ ಸಲ ಮೆಟ್ಟಿಲೇ ಹತ್ತಿದ್ದೀನಪ್ಪ" ಎಂದಳು. "ನನ್ನ ಕೈಯಲ್ಲೇ ಏನೋ ದೋಷ ಇದೆ ಅಂದ್ಕೊಂಡಿದ್ದೆ."

ಚಿಕ್ಕಪ್ಪ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡವನು ಮುಂದಿನ ಕಟ್ಟಡಕ್ಕೆ ಹೋಗಲಿಲ್ಲ. ನೇರವಾಗಿ ಕನ್ನಡಕದ ಅಂಗಡಿಗೆ ಹೋದ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಚಿಕ್ಕಮ್ಮ ಒಬ್ಬಳೇ ಗಾಜು ಉಜ್ಜುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಗಂಡ ಬಂದದ್ದು ನೋಡಿ ಯಂತ್ರ ನಿಲ್ಲಿಸಿದಳು. ಚಿಕ್ಕಪ್ಪ ನಿಂತುಕೊಂಡೇ ಶುರುಮಾಡಿದ. ಎಲ್ಲಿಂದ? ಬಾಹ್ಯಾಕಾಶದಿಂದ. ಅಲ್ಲಿ ತೂಕವಿರುವುದಿಲ್ಲ ಎಂದ. ರಕ್ತ ತಲೆಗೇರುತ್ತದೆ ಎಂದ. ಇಲಿಗಳ ವಿಷಯ ಹೇಳಿದ, ಮರಿಗಳು ಆರೋಗ್ಯವಾಗಿದ್ದುದನ್ನು ಎರಡು ಸಲ ಹೇಳಿದ. ವಿಕಿರಣಕ್ಕೆ ಬಂದ. ಅಲ್ಲಿಂದ ಸುತ್ತಿ ಬಳಸಿ ಇನ್ನೇನು ಮತ್ತೆ ಇಲಿಗೇ ಹೋಗುವವನಿದ್ದ. ಚಿಕ್ಕಮ್ಮ ಅಡ್ಡ ಬಾಯಿ ಹಾಕಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಕಾದಳು.

"ನಾನು ಪರೀಕ್ಷೆ ಮಾಡಿಸ್ಕೊಂಡೆ" ಎಂದ ಕೊನೆಗೆ. "ದೋಷ ನನ್ನಲ್ಲಿದೆ. ನಿನ್ನಲ್ಲಿ ಯಾವತ್ತೂ ಇರ್ಲಿಲ್ಲ. ಶನಿವಾರನೇ ಗೊತ್ತಾಯ್ತು. ಹೇಳೋಕೆ ಭಯ ಆಯ್ತು. ಏಳು ವರ್ಷದಿಂದಾನೂ ಭಯಾನೇ."

ಚಿಕ್ಕಮ್ಮ ಕೈಯಲ್ಲಿದ್ದ ಗಾಜನ್ನು ಬಟ್ಟೆಯ ಮೇಲೆ ಮೆಲ್ಲನೆ ಇಟ್ಟಳು. ಇಪ್ಪತ್ತಮೂರನೇ ಸಾಲು ನಾನು ಓದಿದ್ದೆ ಎಂದಳು. ದಿನವಿಡೀ ಕೂದಲೆಳೆ ಗೀಟು ಹುಡುಕುವವಳ ಮುಂದೆ ಅಂಗೈ ಅಡ್ಡ ಇಟ್ಟರೆ ನಡೆಯುತ್ತದೆಯೇ? ಅವನು ನೀರು ತರಲು ಹೋದ ಅಷ್ಟು ಹೊತ್ತು ಅವಳಿಗೆ ಬೇಕಾದಷ್ಟಾಗಿತ್ತು. ಗೊತ್ತಿದ್ದೇ ಸಹಿ ಹಾಕಿದ್ದಳು. ಗೊತ್ತಿದ್ದೇ ಇಳಿಜಾರಿನಲ್ಲಿ ಮಲಗಿದ್ದಳು. ಇವನಾಗಿ ಬಂದು ಹೇಳುತ್ತಾನೋ ಇಲ್ಲವೋ ಎಂದು ದಿನ ಎಣಿಸಿದ್ದಳು.

ಚಿಕ್ಕಪ್ಪ ಇಂಗು ತಿಂದ ಮಂಗನಂತೆ ನಿಂತ. ಹಾಗಾದರೆ ಕೋಪವಿಲ್ಲವಲ್ಲ ಎಂದು ಕೇಳಿಬಿಟ್ಟ, ಪುಣ್ಯಾತ್ಮ.

"ಕೋಪ ಇಲ್ದೆ?" ಎಂದಳು. ದನಿ ಈಗ ಒಡೆಯಿತು. "ಏಳು ವರ್ಷ ಬೇಡ್ಕೊಂಡೆ. ನಾನು ಕೇಳಿದಾಗ ಆಗ್ಲಿಲ್ಲ. ಆಕಾಶ ಕೇಳಿದ ಕೂಡ್ಲೇ ಹೋಗಿ ಕೊಟ್ಟು ಬಂದ್ರಿ."

ಅವಳು ಅತ್ತಳು, ಒಂಬತ್ತು ವರ್ಷದಲ್ಲಿ ಅವನೆದುರು ಮೊದಲ ಸಲ ಬಾಯಿಬಿಟ್ಟು ಅತ್ತಳು. ಅವನೂ ಅತ್ತ. ಗ್ರೀಸು ಮೆತ್ತಿದ ಕೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪಾಯಿತು. ಅದನ್ನು ನೋಡಿ ಅಳುತ್ತಿದ್ದವಳಿಗೆ ನಗು ಬಂತು, ನಗು ಬಂತಲ್ಲ ಎಂದು ಸಿಟ್ಟು ಬಂತು, ಗಾಜು ಒರೆಸುವ ಬಟ್ಟೆಯಿಂದಲೇ ಅವನ ಮುಖ ತಿಕ್ಕಿದಳು. ಆ ಬಟ್ಟೆ ಮುಂದೆ ಯಾವ ಕನ್ನಡಕಕ್ಕೂ ಬರಲಿಲ್ಲ.

ಆಮೇಲೆ ಚೀಟಿ ನೋಡಿದಳು. ನಾಲ್ಕನೇ ಮಹಡಿ. ಚಿಕ್ಕಪ್ಪ ಆಗಲೇ ಹಂಚಿಕೆ ಹಾಕಿದ್ದ. ಬೆಳಗ್ಗೆ ಏಳಕ್ಕೆ, ರೇಡಿಯೋ ಬರುವ ಮೊದಲು, ಹಿಂದಿನ ಮೆಟ್ಟಿಲಿನಿಂದ ಹತ್ತಿಹೋಗುವುದು ಎಂದ. ಚಿಕ್ಕಮ್ಮ ತಲೆಯಾಡಿಸಿದಳು. ಏಳು ವರ್ಷ ನಾನು ಆ ಲಿಫ್ಟಿನಲ್ಲಿ ಹಗಲು ಹೊತ್ತಿನಲ್ಲೇ ಹೋಗಿದ್ದೇನೆ, ಆ ಮುದುಕ ಪ್ರತಿ ಸಲ ಅಯ್ಯೋ ಪಾಪ ಎಂಬಂತೆ ನನ್ನ ಹೊಟ್ಟೆ ನೋಡಿದ್ದಾನೆ, ನೀವು ಲಿಫ್ಟಿನಲ್ಲೇ ಬರಬೇಕು, ಹನ್ನೊಂದು ಗಂಟೆಗೆ ಬರಬೇಕು ಎಂದಳು. ಚಿಕ್ಕಪ್ಪ ಒಪ್ಪಿದ.

ಮರುವಾರ ಹನ್ನೊಂದಕ್ಕೆ ಸರಿಯಾಗಿ ಇಬ್ಬರೂ ಲಿಫ್ಟು ಹತ್ತಿದರು. ಒಳಗೆ ಮೂವರು ಹೆಂಗಸರಿದ್ದರು. ಮೂಲೆಯಲ್ಲಿ ಪತ್ರಿಕೆಯಿಂದ ಮುಖ ಮುಚ್ಚಿಕೊಂಡ ಒಬ್ಬ ಗಂಡಸಿದ್ದ. ಮುಕ್ಕಾಲಿಯ ಮೇಲೆ ರೇಡಿಯೋ. ಅಭ್ಯಾಸಬಲದಿಂದ ಚಿಕ್ಕಮ್ಮನ ಹೊಟ್ಟೆಯತ್ತ ಒಮ್ಮೆ ನೋಡಿ, ಆಮೇಲೆ ಚಿಕ್ಕಪ್ಪನ ಬರಿಗೈ ನೋಡಿದ.

"ಏನ್ ಚಿಕ್ಕಪ್ಪ, ಚೀಲ ಎಲ್ಲಿ?" ಎಂದ. "ಲಿಫ್ಟ್ ಚೆನ್ನಾಗೇ ಇದೆಯಲ್ಲ, ಯಾರು ಕರೆಸಿದ್ರು?"

ತಪಾಸಣೆಗೆ ಬಂದೆ ಎಂದು ಹೇಳಬಹುದಿತ್ತು. ಹೆಂಡತಿಯ ಜೊತೆ ಬಂದೆ ಎಂದರೂ ಸುಳ್ಳಾಗುತ್ತಿರಲಿಲ್ಲ. ಎರಡೂ ನಾಲಿಗೆಯ ತುದಿಯವರೆಗೆ ಬಂದವು. ಚಿಕ್ಕಮ್ಮ ಬಾಗಿಲನ್ನೇ ನೋಡುತ್ತ ನಿಂತಿದ್ದಳು.

"ಲಿಫ್ಟಿಗೇನೂ ಆಗಿಲ್ಲ" ಎಂದ ಚಿಕ್ಕಪ್ಪ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಮಕ್ಕಳಾಗದೆ ಇರೋದು ನನ್ನಿಂದ. ಇವಳಿಂದ ಅಲ್ಲ. ತೋರಿಸ್ಕೊಳ್ಳೋಕೆ ಬಂದಿದ್ದೀನಿ. ನಾಲ್ಕು ಒತ್ತಿ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ರೇಡಿಯೋ ನಾಲ್ಕು ಮಹಡಿ ಮೌನವಾಗಿ ಹತ್ತಿಸಿದ. ಮೂಲೆಯ ಪತ್ರಿಕೆ ಸ್ವಲ್ಪ ಕೆಳಗಿಳಿಯಿತು, ಎರಡು ಕಣ್ಣು ಚಿಕ್ಕಪ್ಪನನ್ನು ನೋಡಿದವು. ಚಿಕ್ಕಮ್ಮ ಅವನ ತೋಳು ಹಿಡಿದಳು. ಹೊರಗೆ, ಜನರೆದುರು ಅವಳು ಹಾಗೆ ಎಂದೂ ಹಿಡಿದವಳಲ್ಲ.

ಆಪರೇಷನ್ ಆಯಿತು. ಎರಡನೇ ವರದಿಗಿಂತ ಮೂರನೆಯದು ಚೂರು ವಾಸಿಯಾಗಿತ್ತು, ಸಂಭ್ರಮ ಪಡುವಷ್ಟಲ್ಲ. ಮಗು ಆಗಿದೆಯೇ ಎಂದು ಕೇಳುವವರಿಗೆ, ಇನ್ನೂ ಇಲ್ಲ ಎಂಬುದೇ ಸದ್ಯದ ಉತ್ತರ. ಇಟ್ಟಿಗೆಗಳು ಮಂಚದ ಕೆಳಗಿನಿಂದ ಹೊರಬಿದ್ದವು. ನೀಲಿ ಸೂಟ್‌ಕೇಸ್ ಖಾಲಿಯಾಗಿ ಬೀರುವಿನ ತಲೆಯ ಮೇಲೆ ಹೋಯಿತು. ಬಾಹ್ಯಾಕಾಶದ ಡಾಕ್ಟರ್ ಫೋನ್ ಮಾಡಿ, ಸಂಖ್ಯೆ ಮೇಲೇರಿದರೆ ಮುಂದಿನ ತಂಡಕ್ಕೆ ಬನ್ನಿ ಎಂದಳಂತೆ. ಮೇಲೇರಿದರೆ ಅದಕ್ಕೆ ಮನೆಯಲ್ಲೇ ಕೆಲಸವಿದೆ ಎಂದು ಚಿಕ್ಕಮ್ಮ ಫೋನ್ ಇಟ್ಟಳು.

ರೇಡಿಯೋನ ಮೌನ ಆ ನಾಲ್ಕು ಮಹಡಿಯಷ್ಟೇ. ಅವರು ಲಿಫ್ಟು ಹತ್ತಿದ ದಿನ ಸಂಜೆಯೊಳಗೆ ಊರಿಗೆಲ್ಲ ಡಂಗುರ ಸಾರಿದ್ದ. ಚಿಕ್ಕಪ್ಪ ಏಳು ವರ್ಷ ಹೆದರಿದ್ದು ಈ ದಿನಕ್ಕೇ. ಅವನು ಮರುದಿನ ಎದೆ ಗಟ್ಟಿಮಾಡಿಕೊಂಡು ಕೆಲಸಕ್ಕೆ ಹೋದ. ಯಾರೂ ನಗಲಿಲ್ಲ. ಅದರ ಬದಲು ಲಿಫ್ಟುಗಳು ಕೆಡತೊಡಗಿದವು. ಬ್ಯಾಂಕಿನ ಮ್ಯಾನೇಜರರ ಫೋನ್ ಬಂತು, ಲಿಫ್ಟು ಏನೋ ಸದ್ದು ಮಾಡುತ್ತಿದೆ ಎಂದು. ಹೋಗಿ ನೋಡಿದರೆ ಸದ್ದೂ ಇಲ್ಲ, ಗದ್ದಲವೂ ಇಲ್ಲ. ಯಂತ್ರದ ಕೋಣೆಯವರೆಗೆ ಹಿಂದೆಯೇ ಹತ್ತಿ ಬಂದ ಮ್ಯಾನೇಜರರು ಬಾಗಿಲು ಹಾಕಿಕೊಂಡು, ಅಳಿಯನ ವಿಷಯ ಒಂದು ಮಾತು ಎಂದು ಮೆಲ್ಲಗೆ ಕೇಳಿದರು. ಬಟ್ಟೆ ಅಂಗಡಿಯಲ್ಲೂ ಹಾಗೇ ಆಯಿತು, ಹಲ್ಲಿನ ಆಸ್ಪತ್ರೆಯಲ್ಲೂ ಹಾಗೇ. ಒಂದು ತಿಂಗಳಲ್ಲಿ ಒಂಬತ್ತು ಲಿಫ್ಟುಗಳು ಯಾವ ದೋಷವೂ ಇಲ್ಲದೆ ಕೆಟ್ಟವು.

ಚಿಕ್ಕಪ್ಪ ಎಲ್ಲರಿಗೂ ಕೊಡುವುದು ಒಂದೇ ಉತ್ತರ.

"ನಾಲ್ಕನೇ ಮಹಡಿ. ಹಿಂದಿನ ಮೆಟ್ಟಿಲಲ್ಲಿ ಹೋಗಬೇಡಿ, ಲಿಫ್ಟಲ್ಲೇ ಹೋಗಿ. ಏನು ಬಂತು ಅಂತ ಅವತ್ತೇ ಮನೆಗೆ ಹೋಗಿ ಹೆಂಡತಿಗೆ ಹೇಳಿ. ನಾನು ನಾಲ್ಕು ದಿನ ತಡ ಮಾಡಿದೆ."

ಸ್ವಲ್ಪ ತಡೆದು, ಅಲ್ಲ, ಏಳು ವರ್ಷ ಎಂದು ತಿದ್ದಿಕೊಳ್ಳುತ್ತಾನೆ.